ಚಿಮಣಿ ಎಣ್ಣಿ ಕುಡದ ಇಂಜಿನ್

ಮತ್ತ ನೀ ಏನಂದಿದ್ದಿ, ಅದು ಓಡಂಗಿಲ್ಲ ಅಂತ ಅಲ್ಲಾ? ಓಡ್ತಲೇ, ಅಂಬಾದಾಸ! ಇವತ್ತ ಜೀಡಿಮೆಟ್ಲಾ ಇಂಡಸ್ಟ್ರಿಯಲ್ ಏರಿಯಾದಾಗ, ನಮ್ಮ ಗ್ರೂಪಿನ ನಿಖಿತಾನ ಅಪ್ಪಾರ ಶೆಡ್ಡಿನ್ಯಾಗ, ನಮ್ಮ ರೋಟರಿ ಇಂಜಿನ್ ಓಡ್ತು. ಮೊದಲ ಪೆಟ್ರೋಲ್ ಮ್ಯಾಲೆ ಬಿಸಿ ಮಾಡಿದ್ವಿ. ಆಮ್ಯಾಲೆ ನಾನ ಎಣ್ಣಿ ಪೈಪಿನ ಕಾಕ್ ತಿರುವಿ ರೇಷನ್ ಅಂಗಡಿ ಚಿಮಣಿ ಎಣ್ಣಿ ಬಿಟ್ಟೆ. ಒಂದ್ಸಲ ಕೆಮ್ಮಿತು, ಹೊಗಿ ಉಗುಳಿತು, ಆದ್ರ ನಿಲ್ಲಲಿಲ್ಲ. ಇಂಜಿನ್ನಿನ ಮುಂದಿನ ಪಂಕಾ ಗರ್ ಅಂತ ತಿರುಗಿ ಶೆಡ್ಡಿನ ಧೂಳೆಲ್ಲ ನಮ್ಮ ಬಾಯಾಗ ಬಂತು.

"ಸಣ್ಣ ವಿಮಾನ ಎಲ್ಲಿ ಇಳೀತೈತೋ ಅಲ್ಲಿ ಸಿಕ್ಕ ಎಣ್ಣಿ ಕುಡದು ಮತ್ತ ಹಾರಬೇಕು" ಅಂತ ನಮ್ಮ ಫೋನ್ ಗ್ರೂಪಿನ್ಯಾಗ ಮೊದಲ ಬರದಾಂವ ನೀನ. ಅದನ್ನ ಓದೇ ನನಗ ಈ ಹುಚ್ಚು ಹಿಡದದ್ದು. ಹಂತಾ ನೀನ ಎಲ್ಲಾರ ಮುಂದ "ಇದು ವಿಮಾನದ ಇಂಜಿನ್ ಅಲ್ಲ, ಸ್ಟೋವ್. ಇದರ ಮ್ಯಾಲೆ ಚಾ ಕಾಸ್ಕೋರಿ" ಅಂತ ಹಾಕಿ, ನಗೋ ಇಮೋಜಿ ಒತ್ತಿ, ಗ್ರೂಪ್ ಬಿಟ್ಟು ಹೋದಿ. ನನ್ನ ಬ್ಲಾಕ್ ಸೈತ ಮಾಡಿದಿ. ಇದನ್ನ ಕಳಿಸಿದ್ರೂ ನಿನಗ ಮುಟ್ಟಂಗಿಲ್ಲ.

ನಿಖಿತಾ ಅಂದ್ಲು, "ಅಂವಗ ವಿಡಿಯೋ ಕಳಸೋ, ಮುಖಾ ಸಣ್ಣದಾಗ್ಲಿ."

"ಅಂವ ಅಂದ್ರ ಯಾರು?" ಅಂದೆ.

"ಹಂಗಾರ ಗ್ವಾಡಿಗೆ ತೂಗಹಾಕಿದ ಆ ಕೆಂಪ ಇಯರ್‌ಮಫ್ ನನಗ ಕೊಡು, ಕಿವಿ ಹರ್ಯಾಕತ್ತೈತಿ."

ಕೊಡಲಿಲ್ಲ. ಕಿವ್ಯಾಗ ಬಟ್ಟಿ ತುರುಕ್ಕೋ ಅಂತ ಆಕಿ ಮ್ಯಾಲೆ ಒದರಿದೆ. ಇಂಜಿನ್ ಓಡಿದ ದಿನಾನೂ ನಿನ್ನ ಸಲುವಾಗಿ ಜಗಳ ಆತು, ನೋಡು.

ಅದು ಸ್ಟೋವ್ ಆಗಿದ್ರ, ಅದರ ಗದ್ದಲಕ್ಕಂತ ನೀ ತಂದ ಆ ಕೆಂಪ ಇಯರ್‌ಮಫ್ ಇಲ್ಲೇ ಯಾಕ ಬಿಟ್ಟು ಹೋದಿ? ಧಮ್ ಇದ್ರ ಹೇಳಲೇ, ಬಂದು ಒಯ್ತೀಯೋ, ಇಲ್ಲಾ ನಿಖಿತಾಗ ಕೊಟ್ಟ ಬಿಡ್ಲೋ?