ಕಾರ್ಡಿನಲ್ಲಿ ಏಳನೆಯ ಹೆಸರು

ಯಾದಗಿರಿಯಲ್ಲಿರುವ ಮರಿಲಿಂಗಣ್ಣನಿಗೆ, ಸುರಪುರದಿಂದ ನಿನ್ನ ತಮ್ಮ ಅಂಬ್ರಪ್ಪನ ನಮಸ್ಕಾರ.

ನೀನು ಕಳಿಸಿದ ಅರ್ಜಿ ತಲುಪಿತು. ಹೈದರಾಬಾದಿನ ಆಚೆಯ ಆ ವಾಟರ್ ಪಾರ್ಕಿನಲ್ಲಿ ನಾವಿಬ್ಬರೂ ಕೂಡಿ ಸದಸ್ಯರಾಗಿ, ವರ್ಷಕ್ಕೊಂದು ವಾರದ ಹಕ್ಕು ಪಡೆದು ಇದು ನಾಲ್ಕನೇ ವರ್ಷ. ಈಗ ನೀನು ಸದಸ್ಯರ ಸಂಘದ ಅಧ್ಯಕ್ಷ. ನಮಗೆ ಇನ್ನೂ ಹೆಚ್ಚಿನ ಸೌಲಭ್ಯ ಕೊಡಬೇಕೆಂದು ಬರೆದು, ನನ್ನ ಸಹಿಯ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಬೇರೆ ಹಾಕಿದ್ದೀ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು, ಸಹಿ ಎಲ್ಲಿ ಹಾಕಬೇಕೆಂದು ನನಗೆ ಗೊತ್ತು.

ನಿನ್ನ ದೂರುಗಳು ಸುಳ್ಳಲ್ಲ. ಬೆಳಗಿನ ಇಡ್ಲಿ ನಿನ್ನೆಯದಾಗಿರುತ್ತದೆ. ನಮ್ಮ ವಾರದಲ್ಲೇ ನಮ್ಮ ಕೋಣೆಯನ್ನು ಇನ್ನೊಬ್ಬರಿಗೂ ಕೊಟ್ಟಿರುತ್ತಾರೆ. ಒಂದು ದಿನದ ಟಿಕೆಟ್ಟಿನವರ ಸಾಲಿನಲ್ಲೇ ನಾವೂ ಬಿಸಿಲಿಗೆ ನಿಲ್ಲಬೇಕು. ಇಷ್ಟಕ್ಕೆಲ್ಲ ನಾನು ಸಹಿ ಹಾಕುತ್ತಿದ್ದೆ. ಆದರೆ ನಾಲ್ಕನೇ ಬೇಡಿಕೆ ಓದಿ ಜೋರಾಗಿ ನಕ್ಕುಬಿಟ್ಟೆ. ಪ್ರತಿ ಕಾರ್ಡಿಗೆ ಒಬ್ಬರ ಬದಲು ಇಬ್ಬರು ಕೆಲಸದವರಿಗೆ ಪುಕ್ಕಟೆ ಪ್ರವೇಶ! ಒಬ್ಬಳು ಸಾಲಲಿಲ್ಲವೇ ಅಣ್ಣ?

ಕಾರ್ಡಿನಲ್ಲಿ ಆರು ಜನಕ್ಕೆ ಜಾಗ. ನೀವು ಮೂವರು, ನಾವು ಮೂವರು. ಹೋದ ವರ್ಷ ನಮ್ಮ ಒಡಹುಟ್ಟಿದ ತಿಮ್ಮವ್ವಕ್ಕನೂ ಬರುತ್ತೇನೆಂದಾಗ ನೀನು ಒಂದು ಕ್ಷಣವೂ ಯೋಚಿಸದೆ ಏಳನೆಯ ಸಾಲಿನಲ್ಲಿ, ಕೆಲಸದವರು ಎಂಬಲ್ಲಿ, ಅವಳ ಹೆಸರು ಬರೆಸಿದೆ. ಗೇಟಿನಲ್ಲಿ ನಮ್ಮ ಕೈಗೆಲ್ಲ ನೀಲಿ ಪಟ್ಟಿ ಕಟ್ಟಿದರು, ಅವಳಿಗೆ ಹಳದಿ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡಳು. "ನಾ ಮನಿ ಮಗಳಲ್ಲೇನು, ನನಗ ಅರಿಶಿಣದ್ದು ಕಟ್ಯಾರ" ಅಂದಳು. ನೀನು ಆ ಕಡೆ ಮುಖ ತಿರುಗಿಸಿದ್ದನ್ನು ನಾನು ನೋಡಿದ್ದೇನೆ.

ಗೋಗಿಯ ನಮ್ಮ ಹೊಲಕ್ಕೆ ಕಾಲುವೆ ನೀರು ಮೊದಲ ಸಲ ಬಂದ ದಿನ ನಿನಗೆ ನೆನಪಿರಲೇಬೇಕು. ಗಂಡ ಸತ್ತು ತವರಿಗೆ ಬಂದು, ನಮ್ಮಿಬ್ಬರನ್ನು ಸಾಕಿದ ಅಕ್ಕ, "ನಾ ಉಡಿ ತುಂಬೂ ತನಕ ಯಾರೂ ಕಾಲಿಡಬ್ಯಾಡ್ರಿ" ಎಂದು ನಮ್ಮನ್ನು ಬದುವಿನ ಮೇಲೆ ನಿಲ್ಲಿಸಿದ್ದಳು. ವಿಧವೆಗೆ ಸಲ್ಲದು ಎಂದವರ ಮಾತು ಕೇಳದೆ ನೀರಿಗೆ ಅರಿಶಿಣ ಕುಂಕುಮ ಹಾಕಿ, ಕುಪ್ಪಸದ ಖಣ ಬಿಟ್ಟು, ತಾನೇ ಮೊದಲು ಇಳಿದಳು. ಮುಂದೆ ತನ್ನ ಪಾಲಿನ ಹೊಲವನ್ನೂ ಹೆಬ್ಬೆಟ್ಟೊತ್ತಿ ನಮಗೇ ಬಿಟ್ಟಳು. ನಿನ್ನ ಗೊಬ್ಬರದಂಗಡಿ, ಯಾದಗಿರಿಯ ಮಾಳಿಗೆ ಮನೆ, ಈ ಕಾರ್ಡು, ಎಲ್ಲವೂ ಆ ನೀರಿನಿಂದಲೇ ಬಂದವು.

ಪಾರ್ಕಿನಲ್ಲೂ ಆ ಮುಗ್ಧೆ ಅದನ್ನೇ ಮಾಡಿದಳು. ಅಷ್ಟು ದೊಡ್ಡ ಕೊಳ ನೋಡಿ, ಮಕ್ಕಳನ್ನು ತಡೆದು, ಸೆರಗಿನ ಗಂಟು ಬಿಚ್ಚಿ ಅರಿಶಿಣ ಕುಂಕುಮ ಹಾಕಿ ಕಾಲಿಟ್ಟಳು. ಕಾವಲುಗಾರ ಸೀಟಿ ಊದುತ್ತ ಓಡಿಬಂದ. ಅವಳ ರಟ್ಟೆ ಹಿಡಿದು ಹೊರಗೆಳೆದು, "ಯೇ ಕೌನ್ ಹೈ?", ಯಾರಿವಳು ಎಂದು ಕೇಳಿದ. ಸುತ್ತಲಿನವರೆಲ್ಲ ನೋಡುತ್ತಿದ್ದರು. ನೀನು ಹಲ್ಲು ಕಿರಿದು, "ಹಮಾರಿ ಕಾಮವಾಲಿ ಹೈ" ಅಂದೆ.

ಉರ್ದುವಿನಲ್ಲಿ ಹೇಳಿದರೆ ಅಕ್ಕನಿಗೆ ತಿಳಿಯದೆಂದುಕೊಂಡೆಯಲ್ಲ, ಎಂಥ ಜಾಣ ನೀನು! ಪಕ್ಕದ ಹೊಲದ ಖಾಜಾಬೀಯ ಜೊತೆ ಇಪ್ಪತ್ತು ವರ್ಷ ಕಳೆ ತೆಗೆದವಳು ಅವಳು. ನಮ್ಮಿಬ್ಬರಿಗಿಂತ ಅವಳಿಗೇ ಆ ಭಾಷೆ ಚೆನ್ನಾಗಿ ಬರುತ್ತದೆ. ಕೆಲಸದಾಕೆ ಎಂದದ್ದು ಅವಳಿಗೆ ತಿಳಿಯಿತು. ಚಪ್ಪಲಿ ಬಿಡುವ ಶೆಡ್ಡಿಗೆ ಹೋಗಿ ಸಂಜೆಯವರೆಗೆ ನಮ್ಮ ಚಪ್ಪಲಿ ಕಾದಳು.

ನಾನು ಸಾಚಾ ಎಂದು ಹೇಳುತ್ತಿಲ್ಲ. ನಾನು ಬಾಯಲ್ಲಿ ಮಿರ್ಚಿ ಭಜಿ ಇಟ್ಟುಕೊಂಡು ಅಲ್ಲೇ ನಿಂತಿದ್ದೆ. ಅದನ್ನು ಉಗುಳಲೂ ಇಲ್ಲ, ನಿನ್ನನ್ನು ಕೇಳಲೂ ಇಲ್ಲ. ಜಗಿದು ನುಂಗಿದೆ. ತಿಂಗಳಾದ ಮೇಲೆ ಅಕ್ಕನ ಕಾಲು ಹಿಡಿಯಲು ಹೋದಾಗ ಅವಳು ನಕ್ಕು, "ಬಿಡೋ ಅಂಬ್ರ್ಯಾ, ಕಾಮವಾಲಿ ಅಂದಾನ, ಭಿಕಾರಿ ಅಂದಿಲ್ಲಲ್ಲ" ಅಂದಳು. ಅವಳು ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಸದಸ್ಯರಿಗೆ ಇನ್ನೂ ಒಳ್ಳೆಯದು ಸಿಗಬೇಡವೇ ಎಂದು ಕೇಳಿದ್ದೀ. ಬೇರೆಯವರದು ನನಗೆ ಗೊತ್ತಿಲ್ಲ. ನಿನಗೂ ನನಗೂ ಆ ಹಳಸಿದ ಇಡ್ಲಿಯೇ ಹೆಚ್ಚು.

ನಿನ್ನ ಅರ್ಜಿಗೆ ಸಹಿ ಹಾಕಿಲ್ಲ. ಬೇರೊಂದು ಕಾಗದಕ್ಕೆ ಹಾಕಿದ್ದೇನೆ. ನನ್ನ, ನನ್ನ ಹೆಂಡತಿಯ, ಮಗನ ಹೆಸರು ಕಾರ್ಡಿನಿಂದ ತೆಗೆಯಿರಿ ಎಂದು ಪಾರ್ಕಿನವರಿಗೆ ನಿನ್ನೆಯೇ ಅಂಚೆಗೆ ಹಾಕಿದೆ. ಈಗ ಮನೆಯವರ ಸಾಲಿನಲ್ಲೇ ಮೂರು ಜಾಗ ಖಾಲಿ. ಆರೇ ಜನಕ್ಕೆ ಜಾಗ, ಏನು ಮಾಡಲಿ ಎಂಬ ನಿನ್ನ ನೆಪವೂ ಇನ್ನಿಲ್ಲ.

ನಮ್ಮ ಮನೆಗೆ ಬಂದಿರುವ ಅಕ್ಕ ಇವತ್ತು ಬೆಳಿಗ್ಗೆ, "ಮರಿಲಿಂಗ ಈ ಸರ್ತಿ ಯಾವಾಗ ಹೊಂಟಾನ? ಚಪ್ಪಲಿ ಕಾಯಾಕ ಯಾರದಾರ ಅವಗ?" ಎಂದು ಕೇಳಿದಳು. ನೀನು ಕರೆದರೆ ಬರುತ್ತಾಳೆ. ಏನೆಂದು ಬರೆಸುತ್ತೀ, ನೋಡುತ್ತೇನೆ.

ತಣ್ಣಗಿರು ಎಂದು ನಿನಗೆ ಬರೆಯಲು ಹೇಳಿದ್ದಾಳೆ. ಅದು ಅವಳ ಆಶೀರ್ವಾದ, ನನ್ನದಲ್ಲ.

ಅವಳೇ ಸಾಕಿದ ಇನ್ನೊಬ್ಬ,
ಅಂಬ್ರಪ್ಪ