ಮೂಗೆತ್ತಿದ ವಿಮಾನಕ್ಕೆ ನೇರ ದಾರಿಯ ಆಜ್ಞೆ

ಸಣ್ಣ ವಿಮಾನ ನಿಲ್ದಾಣದ ದೊಡ್ಡ ಅಧಿಕಾರಿಗಳಾದ ಮಾನ್ಯರೇ,

ನನ್ನ ಷಡ್ಡಕನ ಮಗ ತರಬೇತಿ ವಿಮಾನದ ರೆಕ್ಕೆಯನ್ನು ಶೆಡ್ಡಿನ ಬಾಗಿಲಿಗೆ ಬಡಿದಾಗ ತಾವು ಅದನ್ನು ಗಾಳಿಯ ತಪ್ಪೆಂದು ತೀರ್ಮಾನಿಸಿದಿರಿ. ನನ್ನ ಅಕ್ಕನ ಮಗಳು ಅದೇ ವಿಮಾನದ ರೆಕ್ಕೆಯನ್ನು ನಿಂತಿದ್ದ ನೀರಿನ ಟ್ಯಾಂಕರಿಗೆ ತಾಗಿಸಿದಾಗ ಮಾತ್ರ ಅದು ಹುಡುಗಿಯ ಬೇಜವಾಬ್ದಾರಿ ಆಯಿತು. ಅವಳ ತರಬೇತಿ ನಿಂತಿತು. ಬರುವ ಸೋಮವಾರದ ಲೈಸೆನ್ಸ್ ಪರೀಕ್ಷೆಗೆ ಅವಳು ಕೂರುವಂತಿಲ್ಲವಂತೆ. ತಮ್ಮ ಆಡಳಿತದಲ್ಲಿ ಗಾಳಿಯೂ ಮುಖ ನೋಡಿಯೇ ಬೀಸುತ್ತದೆಯೇ?

ನಾನು ಯಾರೆಂದು ತಮಗೆ ತಿಳಿದಿರಲಾರದು. ತಮ್ಮ ಮೈದಾನದ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಓಡಿಸುವವನು. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಅದೂ ಮೇಷ್ಟ್ರು ಬಂದ ದಿನ ಮಾತ್ರ. ಆದರೆ ಟ್ರೈಲರ್ ಕಟ್ಟಿಕೊಂಡು ನಾನು ಹಿಂದಕ್ಕೆ ತಿರುಗಿಸಲು ಕೂತರೆ ತಮ್ಮ ಪೈಲಟ್‌ಗಳೂ ಚಹಾದ ಲೋಟ ಕೆಳಗಿಟ್ಟು ನೋಡುತ್ತಾರೆ. ಒಂದೇ ಒಂದು ಸಲ ಗೇಟಿಗೆ ತಾಗಿಸಿದ್ದೇನೆ. ಅಂದು ಗೇಟು ತನ್ನ ಜಾಗದಲ್ಲಿ ಇರಲಿಲ್ಲ.

ಆ ಹಳೆಯ ವಿಮಾನದ ಸಣ್ಣ ಚಕ್ರ ಇರುವುದು ಬಾಲದ ಕೆಳಗೆ. ಹೀಗಾಗಿ ನೆಲದ ಮೇಲೆ ಅದು ನನ್ನ ಷಡ್ಡಕನ ಹಾಗೆ ಮೂಗೆತ್ತಿಕೊಂಡೇ ನಡೆಯುತ್ತದೆ. ಒಳಗೆ ಕೂತವರಿಗೆ ಎಂಜಿನ್ನಿನ ಮುಚ್ಚಳ ಕಾಣುತ್ತದೆ, ಆಕಾಶ ಕಾಣುತ್ತದೆ, ಎದುರಿನ ದಾರಿಯೊಂದು ಕಾಣುವುದಿಲ್ಲ. ಅದಕ್ಕೇ ಮೊದಲಿನಿಂದಲೂ ಇಲ್ಲಿ ಎಲ್ಲರೂ ಅದನ್ನು ಹಾವಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುತ್ತ, ಪಕ್ಕದಿಂದ ಇಣುಕುತ್ತ ಓಡಿಸುತ್ತಿದ್ದರು. ತಾವು ಬಂದಿರಿ. ದಾರಿಯಂಚಿಗೆ ಹೊಸ ಹುಲ್ಲು ಹಾಕಿಸಿದಿರಿ. ಚಕ್ರ ಅದನ್ನು ತುಳಿಯಬಾರದೆಂದು, ಎಲ್ಲ ವಿಮಾನಗಳೂ ಹಳದಿ ಗೆರೆಯ ಮೇಲೆ ನೇರವಾಗಿಯೇ ಸಾಗತಕ್ಕದ್ದು ಎಂಬ ಆಜ್ಞೆ ಹೊರಡಿಸಿದಿರಿ. ಆ ಹುಲ್ಲಿಗೆ ನೀರುಣಿಸಲು ಟ್ಯಾಂಕರನ್ನು ಗೆರೆಯ ಪಕ್ಕದಲ್ಲೇ ನಿಲ್ಲಿಸಿದವರೂ ತಮ್ಮವರೇ. ಅದು ಹುಡುಗಿಯ ಕಣ್ಣಿಗೆ ಬೀಳುವ ಹೊತ್ತಿಗೆ ರೆಕ್ಕೆ ಅದರ ಮೈಮೇಲಿತ್ತು.

"ನೀನ್ಯಾಕೆ ಹೊರಳಿಸ್ಕೊಂಡು ಹೋಗ್ಲಿಲ್ಲ?" ಎಂದು ಗದರಿದೆ.

"ಆರ್ಡರ್ ಇತ್ತಲ್ಲ ಮಾವ. ಮೀರಿದ್ರೆ, ಮೊದಲೇ ಹುಡುಗಿ, ಹೇಳಿದ ಮಾತು ಕೇಳಲ್ಲ ಅಂತಿದ್ರು."

"ಅವನು ಮೀರ್ತಾನಲ್ಲ, ದಿನಾ?"

"ಅವನು ಆರ್ಡರ್ ಓದೇ ಇಲ್ಲ. ಓದ್ಲಿಲ್ಲ ಅಂದ್ರೂ ಅವನಿಗೆ ನಡೆಯುತ್ತೆ."

ನಡೆಯುತ್ತದೆ, ಏಕೆಂದರೆ ಅವನಪ್ಪ, ಅಂದರೆ ನನ್ನ ಷಡ್ಡಕ, ತಮ್ಮ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಾನೆ. ಮೊನ್ನೆ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ನನ್ನತ್ತ ವಾಲಿ, "ಬೇಜಾರ್ ಮಾಡ್ಕೋಬೇಡಿ ಭಾವ, ಇದು ಟ್ರ್ಯಾಕ್ಟರ್ ಮನೆಯವರ ಕೈಗೆ ಹತ್ತೋ ಕೆಲಸ ಅಲ್ಲ" ಎಂದ. ನಾನು ಉತ್ತರಿಸುವಷ್ಟರಲ್ಲಿ ನನ್ನಾಕೆ ತಟ್ಟೆಗೆ ಮತ್ತಷ್ಟು ಬಡಿಸಿ ಬಾಯಿ ಕಟ್ಟಿದಳು.

ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು ಸ್ವಾಮಿ, ಹೊಟ್ಟೆಕಿಚ್ಚೇ. ತಮ್ಮ ಕೋಣೆಯ ಮೆತ್ತನೆಯ ಕುರ್ಚಿ ಕಂಡರೆ ಹೊಟ್ಟೆಕಿಚ್ಚು, ಅದರಲ್ಲಿ ಅವನು ಕಾಲ ಮೇಲೆ ಕಾಲು ಹಾಕಿ ಕೂರುವುದನ್ನು ಕಂಡರೆ ಇನ್ನೂ ಹೆಚ್ಚು. ನಿಜ ಹೇಳಲೇ, ಆ ಹುಡುಗಿಯ ಮೇಲೂ ಇತ್ತು. ನಾನು ಕೆಳಗೆ ಹುಲ್ಲಿನ ಧೂಳು ಕುಡಿಯುತ್ತಿದ್ದರೆ ಅವಳು ನನ್ನ ತಲೆಯ ಮೇಲಿಂದಲೇ ಹಾರುತ್ತಿದ್ದಳು. ಟೋಪಿ ಹಿಡಿದುಕೊಂಡು ಬೈಯುತ್ತಿದ್ದೆ, ಆಮೇಲೆ ಕಣ್ಮರೆಯಾಗುವವರೆಗೂ ನೋಡುತ್ತಿದ್ದೆ. ಈಗ ಅವಳು ಶೆಡ್ಡಿನಲ್ಲಿ ನಿಂತು, ಬೇರೆಯವರು ಹಾರಲೆಂದು ವಿಮಾನದ ಗಾಜು ಒರೆಸುತ್ತಾಳೆ. ಷಡ್ಡಕನ ಮಗ ಹತ್ತಿ ಕೂರುವಾಗ ಅವಳ ಮುಖ ನೋಡಿದೆ. ನನ್ನ ಹೊಟ್ಟೆಯೊಳಗಿನ ಕಿಚ್ಚೇ ಅವಳ ಕಣ್ಣಲ್ಲಿತ್ತು. ಈ ವಯಸ್ಸಿನ ನನಗೆ ಅದು ಒಗ್ಗಿದೆ. ಅವಳಿಗೆ ಬೇಡ.

ಅವನಿಗೂ ಶಿಕ್ಷೆಯಾಗಲಿ ಎಂದು ಬರೆಯಲೆಂದೇ ಕೂತಿದ್ದೆ. ಬಿಟ್ಟುಬಿಡಿ. ಅವನು ಹಾರಲಿ, ಅವನಪ್ಪ ಚಹಾ ಕುಡಿಯಲಿ. ಅವನಿಗೆ ತೋರಿಸಿದ ದೊಡ್ಡ ಮನಸ್ಸನ್ನೇ ಇವಳಿಗೂ ತೋರಿಸಿ. ನೇರ ದಾರಿಯ ಆಜ್ಞೆಯನ್ನು ಹಿಂದಕ್ಕೆ ಪಡೆಯಿರಿ, ಟ್ಯಾಂಕರನ್ನು ದೂರ ನಿಲ್ಲಿಸಿ, ಸೋಮವಾರ ಅವಳನ್ನು ಪರೀಕ್ಷೆಗೆ ಕೂರಿಸಿ. ಹುಲ್ಲಿನ ಚಿಂತೆ ತಮಗೆ ಬೇಡ. ಅದು ತುಳಿದಷ್ಟೂ ಮತ್ತೆ ಬರುತ್ತದೆ. ಇಷ್ಟು ವರ್ಷ ಕತ್ತರಿಸುತ್ತಿರುವವನು ಹೇಳುತ್ತಿದ್ದೇನೆ.

ಇಂತಿ,
ಎಂದೂ ನೆಲ ಬಿಟ್ಟು ಏಳದಿದ್ದರೂ ಎಲ್ಲರಿಗೂ ಹಾರುವುದನ್ನು ಹೇಳಿಕೊಡಬಲ್ಲ,
ಆ ಹುಡುಗಿಯ ಸೋದರಮಾವ