ಚಿಕ್ಕಪ್ಪನ ಹೆಜ್ಜೆ

ಚಿಕ್ಕಮ್ಮಾ,

ಕಾಲಿಗೆ ಬಿದ್ದೆ ಅಂದುಕೋ, ಕಾರ್ಡಿನಲ್ಲಿ ಜಾಗವಿಲ್ಲ. ಭೂಕಂಪ ಅಳೆಯುವ ಕೋಣೆಯಲ್ಲಿ ಚಿಕ್ಕಪ್ಪ ಇದ್ದಷ್ಟು ಕಾಲ, ಮೂವತ್ತೊಂದು ವರ್ಷ, ದಿನಾ ಬದಲಾಯಿಸುತ್ತಿದ್ದ ಗೀಟುಗೀಟಿನ ಕಾಗದಗಳನ್ನು ನಾನು ಸ್ಕ್ಯಾನ್ ಮಾಡಿದ್ದೆನಲ್ಲ, ನಿನ್ನೆ ಇಲ್ಲಿ ಅವನ್ನೆಲ್ಲ ಓದಿಸಿದರು. ಮೈದಾನದಂಥ ಕೋಣೆಯಲ್ಲಿ ಬೀರುಗಳ ಹಾಗೆ ಸಾಲುಸಾಲು ಕಂಪ್ಯೂಟರು. ಸಾಲದ್ದಕ್ಕೆ ದೂರದ ಮೂರು ಊರುಗಳ ಯಂತ್ರಗಳೂ ಕೈಜೋಡಿಸಿದವು. ಜನ್ಮವಿಡೀ ಕೂತರೂ ಮುಗಿಯದ ಕೆಲಸ ನಾನು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಮುಗಿಯಿತು! ತೆರೆದ ಬಾಯಿ ಮುಚ್ಚಲಾಗಲಿಲ್ಲ.

ಭೂಕಂಪಗಳ ಜೊತೆ ಯಂತ್ರ ಇನ್ನೊಂದು ನಡುಕವನ್ನೂ ಹೆಕ್ಕಿತು. ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಜೋರು, ಒಂದು ಮೆಲ್ಲಗೆ, ಮತ್ತೆ ಒಂದು ಜೋರು. ನಮ್ಮ ವಿಜ್ಞಾನಿ ಮೇಡಂ, "ಇದೇನೋ ಕಸ, ಅಳಿಸಿಬಿಡೋಣ" ಅಂದರು.

ನನಗೆ ತಟ್ಟನೆ ಹೊಳೆಯಿತು. "ಅಯ್ಯೋ ಬೇಡ ಮೇಡಂ, ಅದು ನಮ್ಮ ಚಿಕ್ಕಪ್ಪ ಕುಂಟ್ಕೊಂಡು ಬರೋದು!"

ಮೇಡಂ ಅಳಿಸಲು ಹೋದ ಕೈ ಹಿಂದಕ್ಕೆ ತೆಗೆದರು. ಆಮೇಲೆ ಆ ಹೆಜ್ಜೆಗಳನ್ನೆಲ್ಲ ಬೇರೆ ಕಡತದಲ್ಲಿ ಇಡಿಸಿದರು. ಚಿಕ್ಕಪ್ಪ ಹೋಗಿ ನಾಲ್ಕು ವರ್ಷವಾಯಿತು, ಅವನು ನಡೆದು ಬಂದ ಹನ್ನೊಂದು ಸಾವಿರ ಬೆಳಗು ಇಲ್ಲಿ ಭದ್ರವಾಗಿವೆ.

ಈ ಕಂಪ್ಯೂಟರ್ ಕೋಣೆ ಐಸಿನಂತೆ ಕೊರೆಯುತ್ತದೆ, ನೀನು ಹೆಣೆದ ಸ್ವೆಟರ್ ಕಳಚಿಲ್ಲ. ಕೆಮ್ಮಿಲ್ಲ.

ಒಂದು ಮಾತು. ನಡುವೆ ಹನ್ನೆರಡು ದಿನ ಮಾತ್ರ ಕುಂಟು ಇಲ್ಲ. ಹಗುರ ಹೆಜ್ಜೆ, ಅದೂ ಓಡೋಡಿ. ಚಿಕ್ಕಪ್ಪನಿಗೆ ಟೈಫಾಯಿಡ್ ಆಗಿದ್ದಾಗ, ಕಚೇರಿಗೆ ಹೇಳದೆ ಕಾಗದ ಬದಲಾಯಿಸಿದ್ದು ನೀನೇ ತಾನೆ? ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಈ ಕಾರ್ಡು ಓದುವ ಪೋಸ್ಟ್‌ಮ್ಯಾನ್ ಅಣ್ಣನೂ ಬಿಡದಿರಲಿ.

ನಿನ್ನ ಅಕ್ಕನ ಮಗಳು